ಬಾಗಿದ ಮರಕ್ಕೆ ಯಾವ ಅಂಟು

“ನಿಮ್ಮ ಅಂಟನ್ನ ನೀವೇ ಇಟ್ಕೊಳ್ಳಿ” ಎಂದು ಅವನು ತಮಿಳಿನಲ್ಲಿ ಹೇಳಿದ. ಮೈತ್ರೇಯಿ ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಮೊರಪ್ಪೂರು ಸ್ಟೇಷನ್ನಿನಿಂದ ಏಪ್ರಿಲ್ ಬಿಸಿಲಿನಲ್ಲಿ ನಡೆದು ಬಂದಿದ್ದಳು. ಗಂಟಲು ಒಣಗಿತ್ತು. ಸೇಲಂನ ಒಂದು ಅಂಟಿನ ಕಂಪನಿಯಲ್ಲಿ ಅವಳು ಟೆಕ್ನಿಕಲ್ ಆಫೀಸರ್. ಎಲ್ಲಿಂದ ದೂರು ಬಂದರೂ ಅಲ್ಲಿಗೆ ಹೋಗಿ, ನೋಡಿ, ರಿಪೋರ್ಟ್ ಬರೆಯಬೇಕು. ಕೋಪಗೊಂಡ ಜನ ಅವಳಿಗೆ ಹೊಸದಲ್ಲ. ಆದರೆ ಅವರು ಕೂಡ ಒಂದು ಲೋಟ ನೀರು ಬೇಕೇ ಎಂದು ಕೇಳದೆ ಇರುತ್ತಿರಲಿಲ್ಲ.

ಅವನ ಹೆಸರು ಅಶ್ವತ್ಥ್. ಪಾಪಿರೆಡ್ಡಿಪಟ್ಟಿಯ ಕಡೆಯ ರೈತರ ಮನೆಯವನು. ಮರಗೆಲಸ ಕಲಿತು ಇಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ. ಎತ್ತರದ ಆಳು, ಹುಬ್ಬಿನ ಮೇಲೆಲ್ಲ ಮರದ ಪುಡಿ. ಮೇಜಿನ ಮೇಲೆ ಒಂದು ಪೀಠವನ್ನು ದಡ್ಡೆಂದು ಇಟ್ಟ.

ನೇಕಾರರ ಮಗ್ಗಕ್ಕೆಂದು ಮಾಡಿದ ಪೀಠ ಅದು. ಏರ್ಕಾಡಿನ ಸಿಲ್ವರ್ ಓಕ್ ಮರದ ಎಂಟು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಅಚ್ಚಿಗೆ ಬಿಗಿದು, ಬೆನ್ನಿಗೆ ಹೊಂದುವ ಹಾಗೆ ಬಗ್ಗಿಸಿದ್ದ. ಈಗ ಆ ಬಾಗು ಅರ್ಧ ನೆಟ್ಟಗಾಗಿತ್ತು. ಪಟ್ಟಿಗಳು ಹಳೆಯ ನೋಟ್‌ಬುಕ್ಕಿನ ಹಾಳೆಗಳಂತೆ ಬಾಯಿ ಬಿಟ್ಟಿದ್ದವು.

“ಸೇಲಂ ಅಮ್ಮಾಪೇಟೆಯ ನೇಕಾರ ಹೆಂಗಸರಿಗೆ ಆರು ಮಾಡಿಕೊಟ್ಟೆ. ಒಂದು ಹೀಗೆ ಬಿಚ್ಚಿಕೊಂಡು ರಾಜಾತಿ ಅಕ್ಕ ಬಿದ್ದರು. ಬಲಗೈ ಮಣಿಕಟ್ಟು ಮುರೀತು. ಉಳಿದ ಐದನ್ನ ಮೂಲೆಗೆ ಹಾಕಿದ್ದಾರೆ. ನೇಯೋರಿಗೆ ಕೈ ಇಲ್ಲದಿದ್ದರೆ ಏನಿದೆ, ಹೇಳಿ?”

ಬಾಯಿ ಬಿಟ್ಟ ಪದರದೊಳಗೆ ಮೈತ್ರೇಯಿ ಉಗುರು ಹಾಕಿ ಕೆರೆದಳು. ಅಂಟು ರಬ್ಬರಿನಂತೆ ಸುರುಳಿಯಾಗಿ ಎದ್ದು ಬಂತು.

“ಇದು ವೈಟ್ ಗಮ್. ಬಾಗಿದ ಮರ ಹಗಲೂ ರಾತ್ರಿ ನೆಟ್ಟಗಾಗೋಕೆ ಎಳೀತಾನೇ ಇರುತ್ತೆ. ವೈಟ್ ಗಮ್ ಒಣಗಿದ ಮೇಲೂ ಪೂರಾ ಗಟ್ಟಿಯಾಗಲ್ಲ. ದಿನಾ ಕೂದಲೆಳೆಯಷ್ಟು ಜಾರುತ್ತೆ. ಮೇಲೆ ಮನುಷ್ಯರ ಭಾರ ಬೇರೆ. ನಮ್ಮ ಅಂಟು ಕೆಟ್ಟದ್ದಲ್ಲ, ನೀವು ತಪ್ಪು ಅಂಟು ಹಾಕಿದ್ದೀರಿ.”

“ಹಾಕು ಅಂದಿದ್ದೇ ನಿಮ್ಮ ಕಂಪನಿ.”

“ನಮ್ಮವರು ಯಾರೂ ಹಾಗೆ ಹೇಳಲ್ಲ.”

“ಹೇಳಿದರು.”

“ಹೇಳಲ್ಲ.”

ಅವಳು ಆ ಕಡೆ ತಿರುಗಿ, ಬ್ಯಾಗಿನಿಂದ ಫಾರಂ ತೆಗೆಯುತ್ತ, ತನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ತನ್ನ ಮನೆಮಾತು ಕನ್ನಡದಲ್ಲಿ ಗೊಣಗಿದಳು: “ಹಠಮಾರಿ ಕತ್ತೆ.”

“ಕತ್ತೆಗೂ ಕನ್ನಡ ತಿಳೀತೈತೆ, ಮೇಡಂ.”

ಅವಳ ಕಿವಿ ಬಿಸಿಯಾಯಿತು. ತಿರುಗಿ ನೋಡಿದರೆ ಅವನು ನಗುತ್ತಿರಲಿಲ್ಲ. ಕಣ್ಣು ಮಾತ್ರ ಅವಳ ಮುಖದ ಮೇಲೆಯೇ ನಿಂತಿತ್ತು, ಅಳತೆ ತೆಗೆಯುವವನ ಕಣ್ಣಿನ ಹಾಗೆ. ಅವನು ಮೊಬೈಲ್ ತೆಗೆದು ಅವಳ ಮೂಗಿನ ಮುಂದೆ ಹಿಡಿದ.

“ಓದ್ಕೊಳ್ಳಿ.”

ಕಂಪನಿಯ ಹೆಲ್ಪ್‌ಲೈನಿಗೆ ಅವನು ಕಳಿಸಿದ್ದ ಪ್ರಶ್ನೆ ಅದು. ಮರವನ್ನು ಪದರ ಪದರವಾಗಿ ಬಗ್ಗಿಸಿ ಅಂಟಿಸಬೇಕು, ಯಾವ ಅಂಟು ಹಾಕಲಿ? ಕೆಳಗೆ ಉತ್ತರ: ‘ನಮ್ಮ ವೈಟ್ ಗಮ್ ಎಲ್ಲಾ ಮರದ ಕೆಲಸಕ್ಕೂ ಆಗುತ್ತದೆ ಸರ್. ನಂಬಿ ಬಳಸಿ. ಎಂ.’

ಎಂ ಅಂದರೆ ಮೈತ್ರೇಯಿ.

ತಾರೀಖು ನೋಡಿದಳು. ಆಯುಧಪೂಜೆಯ ಹಿಂದಿನ ದಿನ. ಅಂದು ಆಫೀಸಿನಲ್ಲಿ ಪೂಜೆ. ರೇಷ್ಮೆ ಸೀರೆ ಉಟ್ಟು ಹೋಗಿದ್ದಳು. ಅರವತ್ತು ಪ್ರಶ್ನೆಗಳು ಬಾಕಿ ಇದ್ದವು. ಬೇಗ ಮನೆಗೆ ಹೋಗಬೇಕೆಂದು ಒಂದೊಂದಕ್ಕೂ ಅರ್ಧ ನಿಮಿಷ ಕೊಟ್ಟಿದ್ದಳು. ಈ ಪ್ರಶ್ನೆ ಅವಳಿಗೆ ನೆನಪೇ ಇರಲಿಲ್ಲ.

“ಯಾರು ಈ ಎಂ?” ಎಂದ ಅಶ್ವತ್ಥ್. “ಸಿಕ್ರೆ ಎರಡು ಮಾತು ಕೇಳ್ಬೇಕು.”

“ನೋಡ್ತೀನಿ” ಎಂದಷ್ಟೇ ಹೇಳಿ ಅವಳು ಹೊರಗೆ ಬಂದಳು. ರೈಲಿನಲ್ಲಿ ಸೇಲಂ ಬರುವವರೆಗೂ ಕಿಟಕಿಯ ಹೊರಗೆ ಏನು ಹೋಯಿತೆಂದು ಅವಳಿಗೆ ತಿಳಿಯಲಿಲ್ಲ.

“ಬಳಸಿದವರ ತಪ್ಪು ಅಂತ ಒಂದು ಲೈನ್ ಬರೆದು ಮುಗಿಸು” ಎಂದರು ಮ್ಯಾನೇಜರ್. ಬರೆಯುವ ಮುಂಚೆ ಅವಳು ಅಮ್ಮಾಪೇಟೆಗೆ ಹೋದಳು.

ರಾಜಾತಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದಳು. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಟ್ಟೆ ಮುಚ್ಚಿತ್ತು. ರಾಜಾತಿಯ ಮನೆಮಾತೂ ಕನ್ನಡ; ಮೈತ್ರೇಯಿ ಅದರಲ್ಲೇ ಮಾತಾಡಿಸಿದ್ದಕ್ಕೆ ಅವಳ ಮುಖ ಸ್ವಲ್ಪ ಸಡಿಲವಾಯಿತು.

“ನನಗೆ ಕೋಪ ಬಿದ್ದಿದ್ದಕ್ಕಲ್ಲ ಕಣಮ್ಮ” ಎಂದಳು. “ಆ ಪೀಠ ಬಂದ ಎರಡು ತಿಂಗಳು ನನ್ ಸೊಂಟ ನೋವಂದ್ರೆ ಏನಂತ ಮರ್ತೋಗಿತ್ತು. ಇಪ್ಪತ್ತು ವರ್ಷದ ನೋವು ಅದು. ತಿರುಗಾ ಆ ಬರೀ ಹಲಗೆ ಮೇಲೇ ಕೂರ್ಬೇಕಲ್ಲ, ಅದಕ್ಕೆ ಕೋಪ. ಒಂದ್ಸಲ ಸುಖ ತೋರ್ಸಿ ಕಿತ್ಕೊಂಡ್ರು.”

ಅಂದು ಸಂಜೆ ಮೈತ್ರೇಯಿ ರಿಪೋರ್ಟ್ ಬರೆದಳು. ಹೆಲ್ಪ್‌ಲೈನಿನಲ್ಲಿ ತಪ್ಪು ಸಲಹೆ ಕೊಡಲಾಗಿದೆ; ಕೊಟ್ಟವಳು ನಾನೇ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಮರುದಿನ ಮತ್ತೆ ಮೊರಪ್ಪೂರಿಗೆ ಹೋದಳು.

“ಎಂ ಯಾರು ಅಂತ ಕೇಳಿದ್ರಲ್ಲ. ನಾನೇ.”

ಅಶ್ವತ್ಥ್ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ.

“ಆವತ್ತು ನನ್ ಕಣ್ಣು ನೋಡ್ಕೊಂಡು, ನಮ್ಮವರು ಯಾರೂ ಯೋಳಲ್ಲ ಅಂದ್ರಿ.”

“ಆಗ ಗೊತ್ತಿರಲಿಲ್ಲ.”

“ಮೊಬೈಲ್ ನೋಡಿದ್ಮೇಲೆ ಗೊತ್ತಿತ್ತಲ್ಲ? ಸುಮ್ನೆ ಓಗ್ಬಿಟ್ರಿ.”

ಅವಳು ಕೊಟ್ಟ ರಿಪೋರ್ಟಿನ ಪ್ರತಿಯನ್ನು ಅವನು ಓದಿ, ಮೇಜಿನ ಮೇಲೆ ಪಕ್ಕಕ್ಕೆ ತಳ್ಳಿದ.

“ನಿಮ್ಮಂಥೋರು ಎಸಿಯಾಗೆ ಕೂತು ನಂಬಿ ಬಳಸಿ ಅಂತ ಒತ್ತಿಬಿಡ್ತೀರಿ. ನಾನು ನಂಬ್ದೆ. ನನ್ನ ಅವರು ನಂಬಿದ್ರು. ಇನ್ನು ಇಲ್ಲಿಗೆ ಬರ್ಬ್ಯಾಡಿ. ಓಗಿ.”

ಅವಳು ಹೋದಳು. ಆದರೆ ಮುಂದಿನ ಭಾನುವಾರ ಒಂದು ಡಬ್ಬಿ ರೆಸಿನ್ ಅಂಟಿನ ಪುಡಿ, ಎಪಾಕ್ಸಿ ಅಂಟಿನ ಟ್ಯೂಬು, ಒಂದು ಚಿಕ್ಕ ತಕ್ಕಡಿ, ಎರಡು ಜೊತೆ ಗ್ಲೌಸ್, ಮಾಸ್ಕ್ ಎಲ್ಲ ಹೊತ್ತುಕೊಂಡು ಬಂದು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತಳು.

“ಬರ್ಬ್ಯಾಡಿ ಅಂದಿದ್ನಲ್ಲ?”

“ಕ್ಷಮೆ ಕೇಳೋಕೆ ಬಂದಿಲ್ಲ. ನೀವು ಕೊಡಲ್ಲ ಅಂತ ಗೊತ್ತು. ರಾಜಾತಿ ಅಕ್ಕನಿಗೆ ಪೀಠ ಬೇಕೋ ಬೇಡವೋ? ಅದು ಹೇಳಿ.”

ಅವನು ಹಲ್ಲು ಕಚ್ಚಿಕೊಂಡು ಬಾಗಿಲಿನಿಂದ ಒಂದು ಹೆಜ್ಜೆ ಸರಿದ. ಒಳಗೆ ಬನ್ನಿ ಎಂದು ಬಾಯಲ್ಲಿ ಮಾತ್ರ ಹೇಳಲಿಲ್ಲ.

ಅವನ ವೈಟ್ ಗಮ್ಮನ್ನೂ ಸೇರಿಸಿ ಅವಳು ಮೂರು ಅಂಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ವೈಟ್ ಗಮ್ ಬೇಡ, ಜಾರುತ್ತದೆ. ಎಪಾಕ್ಸಿ ಗಟ್ಟಿ, ಆದರೆ ಕೆಲವು ಎಪಾಕ್ಸಿಗಳು ಬಿಸಿಗೆ ಮೆತ್ತಗಾಗುತ್ತವೆ, ಅಮ್ಮಾಪೇಟೆಯ ತಗಡಿನ ಛಾವಣಿಯ ಕೆಳಗೆ ಅದನ್ನು ನಂಬಲಾಗದು. ಉಳಿದದ್ದು ಈ ಪುಡಿ. ನೀರಿನಲ್ಲಿ ಕಲಸಿ ಹಚ್ಚಿದರೆ ಗಾಜಿನಷ್ಟು ಗಟ್ಟಿಯಾಗುತ್ತದೆ, ಜಾರುವ ಮಾತೇ ಇಲ್ಲ.

“ಪದರದ ಎರಡೂ ಮುಖಕ್ಕೆ ಹಚ್ಚಬೇಕು. ಇಡೀ ರಾತ್ರಿ ಕ್ಲಾಂಪಿನಲ್ಲಿರಬೇಕು. ಹೋದ ಸಲ ಎಷ್ಟು ಹೊತ್ತು ಬಿಗಿದು ಇಟ್ಟಿದ್ರಿ?”

ಅವನು ಮೇಜಿನ ಮೇಲಿನ ಮರದ ಪುಡಿಯನ್ನು ಅಂಗೈಯಲ್ಲಿ ಸರಿಸತೊಡಗಿದ.

“ಅಶ್ವತ್ಥ್?”

“ಎರಡು ಗಂಟೆ.” ಅವನು ನೆಲ ನೋಡುತ್ತ ಹೇಳಿದ. “ಆರು ಪೀಠ, ಇರೋದು ಒಂದೇ ಅಚ್ಚು. ಪೊಂಗಲ್ ಒಳಗೆ ಕೊಡ್ತೀನಿ ಅಂದ್ಬಿಟ್ಟಿದ್ದೆ.”

ಈಗ ಗೆಲ್ಲಬಹುದಿತ್ತು. ಬೈಯಬಹುದಿತ್ತು. ಅವನ ದವಡೆ ಬಿಗಿದದ್ದನ್ನು ನೋಡಿ, ಮಾತು ನಾಲಗೆಯ ತುದಿಗೆ ಬಂದಿದ್ದರೂ, ಅವಳು ತಕ್ಕಡಿಯನ್ನು ಮುಂದಕ್ಕೆ ತಳ್ಳಿದಳು. “ಪುಡಿ ತೂಗಿ.”

ಅದು ಮಧ್ಯಾಹ್ನ ಹನ್ನೆರಡು ಗಂಟೆ. ಕಂಪನಿಯ ಚೀಟಿಯಲ್ಲಿ, ಕಲಸಿದ ಮೇಲೆ ಇಪ್ಪತ್ತೈದು ನಿಮಿಷ ಸಮಯವಿದೆ ಎಂದು ಅಚ್ಚಾಗಿತ್ತು. ಐದನೆಯ ಪಟ್ಟಿಗೆ ಹಚ್ಚುವಾಗಲೇ ಬ್ರಷ್ ಭಾರವಾಯಿತು. ಎಂಟನೆಯ ನಿಮಿಷಕ್ಕೆ ಡಬ್ಬಿಯಲ್ಲಿದ್ದದ್ದು ಕಲ್ಲಾಯಿತು, ಬ್ರಷ್ ಅದರೊಳಗೇ ನಿಂತುಬಿಟ್ಟಿತು.

ಅಶ್ವತ್ಥ್ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದ. ಏನೂ ಬೀಳಲಿಲ್ಲ.

“ಇಪ್ಪತ್ತೈದು ನಿಮಿಷ” ಎಂದ. “ಈ ಚೀಟಿ ಬರೆದೋನು ಮೊರಪ್ಪೂರಿನ ಬಿಸಿಲು ನೋಡಿಲ್ಲ. ನೀವೂ ನೋಡಿಲ್ಲ.”

“ಲ್ಯಾಬಿನಲ್ಲಿ ಟೆಸ್ಟ್ ಮಾಡಿದ್ದು…”

“ಲ್ಯಾಬಲ್ಲಿ ಯಾರು ನೇಯ್ತಾರೆ?”

ಅವಳಿಗೆ ಅಳು ಬಂದಂತಾಯಿತು. ಅವನ ಮುಂದೆ ಅಳುವುದಿಲ್ಲವೆಂದು ಗ್ಲೌಸ್ ಕಿತ್ತೆಸೆದಳು. ಎರಡನೆಯ ಸಲವೂ ಯೋಚಿಸದೆ ಉತ್ತರ ಕೊಟ್ಟಿದ್ದಳು; ಕಾಗದ ನೋಡಿದ್ದಳು, ಬಿಸಿಲು ನೋಡಿರಲಿಲ್ಲ. ಅವನು ಅದನ್ನು ಗಮನಿಸಿದನೋ ಏನೋ, ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವಳ ಪಕ್ಕದಲ್ಲಿ ಇಟ್ಟ. ಕೈಗೆ ಕೊಡಲಿಲ್ಲ.

“ಬರೋ ಭಾನುವಾರ ಮೊದಲ ಗಾಡಿಗೆ ಬನ್ನಿ” ಎಂದು ಗೋಡೆ ನೋಡುತ್ತ ಹೇಳಿದ. “ಬಿಸಿಲು ಏರೋದ್ರೊಳಗೆ ಮುಗಿಸ್ಬೇಕು. ಐಸ್ ನಾನು ತರ್ತೀನಿ.”

ಆ ಭಾನುವಾರ ಅವಳು ಆರೂವರೆಗೆ ಇಳಿದಾಗ ಶೆಡ್ಡಿನ ತಗಡಿನ ಮೇಲೆ ಒದ್ದೆ ಗೋಣಿಚೀಲಗಳು ಹಾಸಿದ್ದವು. ಒಳಗೆ ಒಂದು ಅಗಲದ ಬೇಸಿನ್ನಿನ ತುಂಬ ಐಸ್, ಅದರ ನಡುವೆ ಅಂಟು ಕಲಸುವ ಡಬ್ಬಿ. ಪಟ್ಟಿಗಳನ್ನು ಕ್ರಮವಾಗಿ ಜೋಡಿಸಿ ಒಂದರಿಂದ ಎಂಟರವರೆಗೆ ನಂಬರ್ ಬರೆದಿದ್ದ. ಅಂಟಿಕೊಳ್ಳದಿರಲೆಂದು ಅಚ್ಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ.

ಅವಳಿಗೆ ಹೊಗಳಬೇಕೆನಿಸಿತು. “ಪರವಾಗಿಲ್ಲ” ಎಂದಳು.

“ಗಂಟೆ ನೋಡಿ” ಎಂದ ಅವನು.

ಅವಳು ಕಲಸಿದಳು. ಅವನು ಪಟ್ಟಿ ಹಿಡಿದ. ಅವಳು ಹಚ್ಚಿದಳು, ಅವನು ತಿರುಗಿಸಿದ, ಅವಳು ಮತ್ತೆ ಹಚ್ಚಿದಳು. ಜಗಳಕ್ಕೆ ಸಮಯವಿರಲಿಲ್ಲ. “ಅಂಚು”, “ಇಲ್ಲಿ”, “ಹಿಡೀರಿ”, “ಬಿಡಿ” ಎಂಬ ಒಂದೊಂದೇ ಮಾತು. ಎಂಟು ಪಟ್ಟಿಗಳನ್ನೂ ಒಟ್ಟಿಗೆ ಎತ್ತಿ ಅಚ್ಚಿನ ಮೇಲೆ ಇಟ್ಟಾಗ ಹದಿನೈದು ನಿಮಿಷವಾಗಿತ್ತು, ಅಂಟು ಇನ್ನೂ ಮಜ್ಜಿಗೆಯಂತೆ ಸಡಿಲವಾಗಿತ್ತು. ನಡುವಿನಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ ಕ್ಲಾಂಪ್ ಬಿಗಿಯುತ್ತ ಹೋದರು. ಮರ ಮೆಲ್ಲಗೆ ನರಳಿ ಬಾಗಿತು. ಪದರಗಳ ನಡುವಿನಿಂದ ಅಂಟು ಸಣ್ಣ ಮಣಿಗಳಾಗಿ ಉದ್ದಕ್ಕೂ ಹೊರಬಂತು. ಒಂದೇ ಒಂದು ಕಡೆಯೂ ತಪ್ಪಲಿಲ್ಲ.

ಕೊನೆಯ ಕ್ಲಾಂಪಿಗೆ ಇಬ್ಬರೂ ಒಟ್ಟಿಗೆ ಬಾಗಿದರು. ಅವನ ಉಸಿರು ಅವಳ ಕಿವಿಯ ಪಕ್ಕದ ಕೂದಲನ್ನು ಅಲುಗಿಸಿತು. ಇಬ್ಬರೂ ಕ್ಲಾಂಪ್ ಬಿಡುವಂತಿರಲಿಲ್ಲ.

“ಹಣೆ ಮೇಲೆ ಅಂಟೈತೆ” ಎಂದ ಅವನು.

“ತೆಗೀರಿ.”

“ನನ್ ಕೈಯೆಲ್ಲ ಅಂಟೇ.”

ಅವಳು ನೋಡಿದಳು. ಅವನೂ ನೋಡಿದ. ಅವನ ರೆಪ್ಪೆಯ ಮೇಲೆ ಕೂಡ ಮರದ ಪುಡಿಯಿತ್ತು. ಒಮ್ಮೆ ಮಿಟುಕಿಸಿದಾಗ ಅದು ಉದುರಿ ಅವನ ಮೀಸೆಯ ಮೇಲೆ ಬಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. “ಏನು ನಗು?” ಎಂದು ಅವನು ಗದರಿದ, ಆದರೆ ಸ್ವರದಲ್ಲಿ ಬಲವಿರಲಿಲ್ಲ. ಹಣೆಯ ಮೇಲಿನ ಅಂಟು ಅಲ್ಲಿಯೇ ಗಟ್ಟಿಯಾಯಿತು. ಸೇಲಂಗೆ ಹಿಂದಿರುಗಿ ಕನ್ನಡಿ ಮುಂದೆ ಅದನ್ನು ಕಿತ್ತಾಗ ನಾಲ್ಕು ಕೂದಲೂ ಬಂದವು.

ಮರುದಿನ ಅಚ್ಚಿನಿಂದ ತೆಗೆದಾಗ ಪೀಠ ಎರಡು ಮಿಲಿಮೀಟರ್ ಮಾತ್ರ ಬಿಚ್ಚಿಕೊಂಡಿತು. ಅದು ಮರದ ಗುಣ, ಇನ್ನು ಮುಂದೆ ಬಿಚ್ಚಿದರೆ ಮಾತ್ರ ಅಂಟಿನ ದೋಷ ಎಂದು ಅವಳು ಫೋನಿನಲ್ಲಿ ಹೇಳಿದಳು. ಯಾರನ್ನೂ ಕೂರಿಸುವ ಮುಂಚೆ ಮೂವತ್ತು ದಿನ ಪರೀಕ್ಷೆ ಮಾಡಬೇಕೆಂದೂ ಹೇಳಿದಳು. ಅವನು ಮರಳಿನ ಮೂಟೆಗಳನ್ನು ಪೀಠದ ಮೇಲೆ ಪೇರಿಸಿ, ಬೆನ್ನಿನ ಬಾಗನ್ನು ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಗುರುತು ಮಾಡಿದ. ದಿನವೂ ಬೆಳಿಗ್ಗೆ ಒಂದು ಫೋಟೋ ಕಳಿಸಬೇಕು, ಅವಳು ನೋಡಬೇಕು.

ಮೊದಲ ವಾರ ಬರೀ ಫೋಟೋ ಬಂತು. ಅವಳು ‘ಸರಿ’ ಎಂದು ಉತ್ತರ ಕೊಟ್ಟಳು.

ಎಂಟನೆಯ ದಿನದ ಫೋಟೋದ ಮೂಲೆಯಲ್ಲಿ ಒಂದು ಟೀ ಲೋಟ ಇತ್ತು. ಹನ್ನೊಂದನೆಯ ದಿನ ಗೆರೆಯನ್ನು ತೋರಿಸುವ ಬೆರಳಿಗೆ ಬಟ್ಟೆ ಸುತ್ತಿತ್ತು. ‘ಬೆರಳಿಗೆ ಏನಾಯ್ತು?’ ಎಂದು ಬರೆದಳು. ‘ಉಳಿ. ನಿಮಗ್ಯಾಕೆ?’ ಎಂದು ಬಂತು. ಹದಿನೈದನೆಯ ದಿನ ಬೆಳಿಗ್ಗೆ ಒಂಬತ್ತಾದರೂ ಫೋಟೋ ಬರಲಿಲ್ಲ. ಆಫೀಸಿನಲ್ಲಿ ಅವಳಿಗೆ ಯಾವ ಫೈಲೂ ಅರ್ಥವಾಗಲಿಲ್ಲ. ಹತ್ತಕ್ಕೆ ಬಂತು, ಜೊತೆಗೆ ‘ಕರೆಂಟ್ ಇರಲಿಲ್ಲ’ ಎಂಬ ಎರಡು ಮಾತು. ಅವನಾಗಿಯೇ ಕಾರಣ ಹೇಳಿದ್ದು ಅದೇ ಮೊದಲು. ಇಪ್ಪತ್ತೆರಡನೆಯ ದಿನ ಏನೋ ಬರೆದು ಅಳಿಸಿಬಿಟ್ಟಿದ್ದ. ಅಳಿಸಿದ ಗುರುತನ್ನು ಅವಳು ಅರ್ಧ ದಿನ ನೋಡುತ್ತ ಕುಳಿತಳು.

ಮೂವತ್ತನೆಯ ದಿನವೂ ಗೆರೆ ಜರುಗಿರಲಿಲ್ಲ. ‘ಪಾಸ್’ ಎಂದು ಬರೆದಳು. ಗೆದ್ದ ಹಾಗೆ ಅನಿಸಲಿಲ್ಲ. ಅಂದೇ ಅವಳ ಕೈಗೆ ಟ್ರಾನ್ಸ್‌ಫರ್ ಆರ್ಡರ್ ಬಂದಿತ್ತು: ಹೊಸೂರು ಗೋದಾಮು, ಮುಂದಿನ ಸೋಮವಾರದಿಂದ. ಕಾರಣ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಮತ್ತೆ ಫೋಟೋ ಬಂತು. ಅದೇ ಗೋಡೆ, ಅದೇ ಗೆರೆ.

‘ನಿನ್ನೆಗೇ ಮುಗೀತಲ್ಲ?’ ಎಂದು ಬರೆದಳು.

‘ಗೊತ್ತೈತೆ’ ಎಂದು ಬಂತು.

ಅವಳು ಮೊಬೈಲನ್ನು ಎದೆಗೊತ್ತಿಕೊಂಡಳು.

ಭಾನುವಾರ ಅವನು ಪೀಠವನ್ನು ಬಸ್ಸಿನಲ್ಲಿ ಹೊತ್ತು ತಂದ. ಅಮ್ಮಾಪೇಟೆಯ ಮನೆಯಲ್ಲಿ ಅವಳು ಮೊದಲೇ ಬಂದು ಕಾಯುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ್ದ ರಾಜಾತಿ ಪೀಠವನ್ನು ತಟ್ಟಿ ನೋಡಿದಳು, ಬಗ್ಗಿ ಪದರಗಳನ್ನು ಎಣಿಸಿದಳು, ಮೂಸಿಯೂ ನೋಡಿದಳು.

“ಮೊದ್ಲು ನೀವಿಬ್ರೂ ಕೂತ್ಕೊಳ್ರಿ” ಎಂದಳು.

ಅಶ್ವತ್ಥ್ ಕುಳಿತ. ಮೈತ್ರೇಯಿ ಕುಳಿತಳು. ಆಮೇಲೆ ರಾಜಾತಿ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಪೀಠಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿದಳು. ಅವಳು ಒಂದು ಸಲ ಲಾಳಿ ಎಸೆದಳು, ಇನ್ನೊಂದು ಸಲ ಎಸೆದಳು. ಮಣಿಕಟ್ಟು ನೋಯುತ್ತಿತ್ತು, ಮುಖದಲ್ಲಿ ಕಂಡಿತು. ಆದರೂ ನಿಲ್ಲಿಸಲಿಲ್ಲ.

“ಉಳಿದ ಐದನ್ನೂ ಕಿತ್ತಾಕಿ, ಇದೇ ಥರ ಮಾಡ್ಕೊಡು” ಎಂದಳು ಅಶ್ವತ್ಥನಿಗೆ. ಮತ್ತೆ ಮೈತ್ರೇಯಿಯ ಕಡೆ ತಿರುಗಿ, “ಇವನು ಯಾಕೆ ನಿನ್ ಮುಖ ಬಿಟ್ಟು ಗೋಡೆನೇ ನೋಡ್ತವ್ನೆ?” ಎಂದು ಕೇಳಿದಳು.

ಇಬ್ಬರೂ ಬಸ್ ಸ್ಟಾಪಿನ ಕಡೆಗೆ ನಡೆದರು. ಬೀದಿಯ ಎರಡೂ ಕಡೆ ಮಗ್ಗಗಳ ಸದ್ದು.

“ನಾಳೆಯಿಂದ ನಾನು ಹೊಸೂರಲ್ಲಿ” ಎಂದಳು ಮೈತ್ರೇಯಿ. “ಟ್ರಾನ್ಸ್‌ಫರ್.”

ಅವನು ನಿಂತುಬಿಟ್ಟ. “ನಿಜ ಬರೆದಿದ್ದಕ್ಕಾ?”

“ಹೂಂ.”

“ನನ್ ಎರಡು ಗಂಟೆ ಕ್ಲಾಂಪ್ ಬರೆದಿದ್ರೆ ಇಂಗಾಗ್ತಿತ್ತಾ? ಅದ್ಯಾಕೆ ಬರೀಲಿಲ್ಲ?”

“ಗೊತ್ತಾದ ಮೇಲೆ ಅದನ್ನೂ ಬರೆದು ಕಳಿಸಿದೆ.”

“ನನ್ ತಪ್ಪೂ ಬರೆದ್ಯಾ?”

“ನಂದು ಮೊದಲು. ನಿಮ್ಮದು ಅದರ ಕೆಳಗೆ.”

ಅವನ ಮುಖ ಕೋಪದಿಂದ ಕೆಂಪಾಯಿತು. ಆಮೇಲೆ ಆ ಕೋಪ ಎಲ್ಲಿಗೆ ಹೋಯಿತೋ, ನಡುಬೀದಿಯಲ್ಲಿ ಗಟ್ಟಿಯಾಗಿ ನಕ್ಕ. ಅವಳು ಅವನ ನಗು ನೋಡಿದ್ದು ಅದೇ ಮೊದಲು. ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಇಷ್ಟು ದಿನ ಇದನ್ನು ಯಾಕೆ ಮುಚ್ಚಿಟ್ಟಿದ್ದನೆಂದು ಅವಳಿಗೆ ಸಿಟ್ಟೇ ಬಂತು.

“ನಿನ್ನ ಕಂಡ್ರೆ ಆಗಬಾರ್ದು ಅಂತ ಬಾಳ ಕಷ್ಟಪಟ್ಟೆ ಮೈತ್ರೇಯಿ” ಎಂದ ಅವನು, ನಗು ಇಳಿದ ಮೇಲೆ. “ದಿನಾ ಎದ್ದು, ಇವಳ ಮೇಲೆ ಕೋಪ ಇರ್ಬೇಕು ಅಂದ್ಕೊಳ್ತಿದ್ದೆ. ಫೋಟೋ ತೆಗೆಯೋವಾಗ ಲೋಟ ಇಟ್ರೆ ಚೆನ್ನಾಗಿ ಕಾಣ್ತದಾ, ತೆಗೆದ್ರೆ ಚೆನ್ನಾಗಿ ಕಾಣ್ತದಾ ಅಂತ ನೋಡ್ತಿದ್ದೆ. ಮರಳು ಮೂಟೆಗೆ ಯಾರಾದ್ರೂ ಅಂಗೆ ಮಾಡ್ತಾರಾ?”

“ಇಪ್ಪತ್ತೆರಡನೇ ದಿನ ಏನು ಅಳಿಸಿದ್ದು?”

ಅವನು ತಲೆ ತಗ್ಗಿಸಿದ. “ಬರ್ತೀಯಾ ಅಂತ.”

“ಅಳಿಸದಿದ್ದರೆ ಬರ್ತಿದ್ದೆ.”

ಬಸ್ಸೊಂದು ಬಂದು, ನಿಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

“ಈಗ ಕೇಳ್ತೀನಿ” ಎಂದ. ಸ್ವರ ಒರಟಾಗಿತ್ತು, ಮತ್ತೆ ಜಗಳಕ್ಕೆ ನಿಂತವನ ಹಾಗೆ. “ಕಲ್ಯಾಣ ಮಾಡ್ಕೊಳ್ತೀಯಾ? ಹೊಸೂರಿಗೆ ಓಗು, ಬ್ಯಾಡ ಅನ್ನಲ್ಲ. ಧರ್ಮಪುರಿಗೆ ಓಗಿ ಬಸ್ ಹಿಡಿದ್ರೆ ಮೂರು ಗಂಟೆ, ಭಾನುವಾರ ಭಾನುವಾರ ನಾನೇ ಬರ್ತೀನಿ. ಆದ್ರೆ ನಿಮ್ಮನೇಲಿ ಒಪ್ಪಲ್ಲ. ನಿಮ್ದು ನೌಕರೀಲಿರೋ ಮನೆ. ನಮ್ದು ಮಣ್ಣು ಮರ.”

“ಮಾಡ್ಕೊಳ್ತೀನಿ” ಎಂದಳು ಅವಳು. “ಒಪ್ಪದಿದ್ದರೆ ಜಗಳ ಆಡೋಣ. ನಮಗಿಬ್ಬರಿಗೂ ಚೆನ್ನಾಗಿ ಬರೋದೇ ಅದು.”

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

“ಅಮ್ಮ ಮನೇಲಿದಾರೆ. ಶಾಂತಾಬಾಯಿ ಅಂತ ಹೆಸರು. ತುಂಬ ಪ್ರಶ್ನೆ ಕೇಳ್ತಾರೆ. ಹಸ್ತಂಪಟ್ಟಿಗೆ ಇಲ್ಲಿಂದ ಅರ್ಧ ಗಂಟೆ. ಈಗಲೇ ಬನ್ನಿ.”

“ಈ ಶರ್ಟಲ್ಲಾ?” ಅವನು ತೋಳಿನ ಮೇಲಿನ ಅಂಟಿನ ಕಲೆಗಳನ್ನು ನೋಡಿಕೊಂಡ.

“ಈ ಶರ್ಟಲ್ಲೇ.”

ಮುಂದಿನ ಟೌನ್ ಬಸ್ಸು ತುಂಬಿತ್ತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಅವನು ಹಿಂದಿನಿಂದ. ನಡುವೆ ಹೂವಿನ ಬುಟ್ಟಿ, ಸ್ಕೂಲ್ ಬ್ಯಾಗು, ಜನ. ಕಂಡಕ್ಟರ್ ಅವನ ಬಳಿ ಬಂದು ಎಷ್ಟು ಎಂದು ತಮಿಳಿನಲ್ಲಿ ಕೇಳಿದ.

“ರೆಂಡು” ಎಂದ ಅಶ್ವತ್ಥ್.

“ಇನ್ನೊಬ್ಬರು ಯಾರು?”

ಅವನು ತಲೆಗಳ ಮೇಲಿಂದ ಕೈಯೆತ್ತಿ ಮುಂದೆ ನಿಂತಿದ್ದ ಅವಳನ್ನು ತೋರಿಸಿದ. ಅರ್ಧ ಬಸ್ಸು ತಿರುಗಿ ನೋಡಿತು.

“ಹೆಂಗಸರಿಗೆ ಫ್ರೀ ಅಲ್ಲವಾ ಸಾರ್, ಗೊತ್ತಿಲ್ಲವಾ? ಒಂದು ಸಾಕು.”

“ಗೊತ್ತು” ಎಂದ ಅಶ್ವತ್ಥ್, ಗಟ್ಟಿಯಾಗಿ, ಕೆಂಪಗಾಗಿ. “ಆದರೂ ನಾವು ಎರಡು ಜನ.”

ಮುಂದೆ ಕಂಬಿ ಹಿಡಿದು ನಿಂತಿದ್ದ ಮೈತ್ರೇಯಿಗೆ ಅದು ಕೇಳಿಸಿತು. ಪಕ್ಕದ ಮುದುಕಿ ಅವಳ ಮುಖವನ್ನು ನೋಡಿ, ಏನೂ ಕೇಳದೆ, ಅವಳಿಗಾಗಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.